ಪರವಾಗಿಲ್ಲ ಅಂದ್ರು

ತರೀಕೆರೆ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯ ಎಡಗಡೆಗೆ ಷಣ್ಮುಖಪ್ಪನ ಬೇಕರಿ ಇತ್ತು. ಬೇಕರಿ ಅಂದ ಕೂಡಲೇ ಗಾಜಿನ ಬೀರು, ಬಣ್ಣದ ದೀಪ ಅಂತೆಲ್ಲ ಎಣಿಸಿಕೊಳ್ಳಬೇಡಿ. ಮುಂದೊಂದು ಜಗಲಿ, ಎರಡು ಬೆಂಚು, ಬನ್ನು ಬ್ರೆಡ್ಡು ರಸ್ಕು ಇಡುವ ಜಾಲರಿ ಬೀರು, ಮೂಲೆಯಲ್ಲಿ ಹಿತ್ತಾಳೆಯ ಕಾಫಿ ಫಿಲ್ಟರು. ಅದರ ಹಿಂದೆ ನಡುಮನೆ. ನಡುಮನೆ ದಾಟಿ ಹಿತ್ತಿಲಿಗೆ ಹೋದರೆ ಇಟ್ಟಿಗೆಯಲ್ಲಿ ಕಟ್ಟಿದ ಭಟ್ಟಿ. ಮುಂದಿನ ಗಲ್ಲಾಪೆಟ್ಟಿಗೆಯಿಂದ ಹಿಂದಿನ ಭಟ್ಟಿಗೆ ಎಣಿಸಿ ಹದಿನೈದು ಹೆಜ್ಜೆ.

ಷಣ್ಮುಖಪ್ಪ ಭದ್ರಾವತಿಯ ಒಂದು ಬೇಕರಿಯಲ್ಲಿ ಆರು ವರ್ಷ ದುಡಿದು, ಕೆಲಸ ಕಲಿತು, ಎಪ್ಪತ್ತೊಂದರ ಯುಗಾದಿಗೆ ತನ್ನೂರಿನಲ್ಲಿ ಅಂಗಡಿ ಹಾಕಿದವನು. ಕಲಿತದ್ದೇನೋ ನಿಜ, ಆದರೆ ಕೈಗೆ ಹತ್ತಬೇಕಲ್ಲ. ಅವನು ನಾದಿದ ಹಿಟ್ಟು ಮುನಿಸಿಕೊಂಡವರ ಹಾಗೆ ಇಟ್ಟಲ್ಲೇ ಕೂತಿರುತ್ತಿತ್ತು. ಮೂರು ತಿಂಗಳು ನೋಡಿ ನೋಡಿ ಅವನ ಹೆಂಡತಿ ತೀರ್ಥಮ್ಮ ಒಂದು ದಿನ, "ಸರೀರಿ ಅತ್ಲಾಗೆ" ಅಂದು ಸೆರಗು ಸಿಕ್ಕಿಸಿ ಕೂತಳು. ಅಜ್ಜಂಪುರದ ಹೆಣ್ಣು. ತವರಿನಲ್ಲಿ ನೂರು ಜನದ ಊಟಕ್ಕೆ ಹೋಳಿಗೆಯ ಕಣಕ ಕಲಸಿದ ಕೈ. ಕಣಕಕ್ಕೆ ಮಾಡುವ ಹಾಗೆಯೇ ಮೈದಾವನ್ನು ಎತ್ತಿ ಎತ್ತಿ ಬಡಿದು, ಒದ್ದೆ ಬಟ್ಟೆ ಹೊದಿಸಿ, "ಮಲಗಲಿ ಬಿಡಿ, ಅದಕ್ಕೂ ನಿದ್ದೆ ಬೇಕು" ಅಂದಳು. ಅವತ್ತಿನ ಬನ್ನು ಭಟ್ಟಿಯಿಂದ ಬಂದಾಗ ಷಣ್ಮುಖಪ್ಪ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ. ಆಮೇಲೆ ಅವನು ಹಿಟ್ಟಿಗೆ ಕೈ ಹಾಕಲಿಲ್ಲ. ಅವಳದು ಭಟ್ಟಿ, ಅವನದು ಗಲ್ಲಾ ಮತ್ತು ಕಾಫಿ ಅಂತ ಪಾಲಾಯಿತು.

ಊರಿಗೆ ಇದು ಗೊತ್ತಿರಲಿಲ್ಲ. ಬೋರ್ಡಿನಲ್ಲಿ ಅವನ ಹೆಸರು, ಭದ್ರಾವತಿಯಲ್ಲಿ ಕಲಿತು ಬಂದವನೂ ಅವನು, ಬೇಕರಿ ಕೆಲಸ ಗಂಡಸರ ಕೆಲಸ. ಹೆಂಗಸು ಹಿಂದೆ ಪಾತ್ರೆ ತೊಳೆಯುತ್ತಾಳೆ ಅಂದುಕೊಂಡಿದ್ದರು.

ನಮ್ಮ ಕಡೆಯ ಗಿರಾಕಿಗಳ ವಿಷಯ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ತಪ್ಪು ಹೇಳುವಾಗ ಅವರ ಗಂಟಲು ತಾನಾಗಿ ದೊಡ್ಡದಾಗುತ್ತದೆ, ರಸ್ತೆಯ ಆಚೆಯ ಸೈಕಲ್ ಶಾಪಿನವನಿಗೂ ಕೇಳಬೇಕು. ಅದೇ ಒಂದು ಒಳ್ಳೆಯ ಮಾತು ಹೇಳಬೇಕಾದರೆ ಹತ್ತಿರ ಬಂದು, ಗಲ್ಲಾದ ಮೇಲೆ ಬಗ್ಗಿ, ಸಾಲ ಕೇಳುವವರ ಹಾಗೆ ಮೆಲ್ಲಗೆ ಉಸುರಿ ಹೋಗುತ್ತಾರೆ. ಹಾಗಾಗಿ ಬೈಗುಳ ಹದಿನೈದು ಹೆಜ್ಜೆ ದಾಟಿ ಭಟ್ಟಿಯವರೆಗೆ ತಾನೇ ನಡೆದು ಹೋಗುತ್ತಿತ್ತು. ಹೊಗಳಿಕೆಯನ್ನು ಯಾರಾದರೂ ಹೊತ್ತು ತರಬೇಕಿತ್ತು.

ಮೊದಲ ವರ್ಷ ಷಣ್ಮುಖಪ್ಪ ಹೊತ್ತು ತಂದ. ಮಧ್ಯಾಹ್ನ ಮೂರು ಗಂಟೆಗೆ ಕೊನೆಯ ತಟ್ಟೆ ಇಳಿಸಿ, ಮೊಣಕೈವರೆಗೆ ತೊಳೆದುಕೊಂಡು, ತೀರ್ಥಮ್ಮ ನಡುಮನೆಯ ಹೊಸ್ತಿಲ ಹತ್ತಿರ ಕಾಲು ಚಾಚಿ ಕೂರುತ್ತಿದ್ದಳು. ಅವನು ಅವಳಿಗೆಂದೇ ಗಟ್ಟಿ ಡಿಕಾಕ್ಷನ್ನಿನ ಒಂದು ಲೋಟ ಕಾಫಿ ತರುತ್ತಿದ್ದ. ಲೋಟ ತೆಗೆದುಕೊಳ್ಳುವ ಮೊದಲೇ ಅವಳ ಪ್ರಶ್ನೆ.

"ಏನಂದ್ರು?"

"ರೈಲ್ವೆ ಗಾರ್ಡು ತಿಮ್ಮಪ್ಪ ಬಂದಿದ್ದ. ಅರಳೆ ತಿಂದಂಗಾಯ್ತು ಕಣಯ್ಯಾ ಅಂದ."

"ಅರಳೆನ ಯಾರಾದ್ರೂ ತಿಂತಾರೇನ್ರೀ" ಅಂದು ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಆಮೇಲೆ ಅಡುಗೆ ಮಾಡುವಾಗ, ನೀರು ಸೇದುವಾಗ, ಅದೇ ಮಾತನ್ನು ತನ್ನಷ್ಟಕ್ಕೆ ಇನ್ನೊಂದು ಸಲ ಹೇಳಿಕೊಳ್ಳುವಳು. ಷಣ್ಮುಖಪ್ಪ ಅದನ್ನು ಕಂಡಿದ್ದ.

ಅವರಿಗೆ ಎರಡು ವರ್ಷದ ಒಬ್ಬಳು ಮಗಳಿದ್ದಳು, ಗೌರಿ. ಬೆಳಗಾದರೆ ಜಗಲಿಯ ಮೇಲೆ ಕಾಲು ಇಳಿಬಿಟ್ಟು, ತನ್ನ ಮುಖದಷ್ಟೇ ದೊಡ್ಡ ಬನ್ನು ಹಿಡಿದು ಕೂರುತ್ತಿತ್ತು. ಕೂಸು ಲಕ್ಷಣವಾಗಿತ್ತು. ಬಂದವರೆಲ್ಲ ಮಾತಾಡಿಸದೆ ಹೋಗುತ್ತಿರಲಿಲ್ಲ. ಎಪ್ಪತ್ತೆರಡರ ಬೇಸಿಗೆಯಲ್ಲಿ ಕೆಮ್ಮಣ್ಣುಗುಂಡಿಗೆ ಹೊರಟ ಒಂದು ಗುಂಪು ಕಾಫಿಗೆ ಇಳಿಯಿತು. ಹೆಂಗಸರೆಲ್ಲ ಮಗುವನ್ನು ಸುತ್ತಿಕೊಂಡು, ಇಂಥಾ ಕಣ್ಣು ನೋಡೇ ಇಲ್ಲ, ಇಂಥಾ ಬಣ್ಣ ನೋಡೇ ಇಲ್ಲ ಅಂತ ಕೆನ್ನೆ ಹಿಂಡಿ ಕೈಯಿಂದ ಕೈಗೆ ಎತ್ತಿಕೊಂಡರು. ಷಣ್ಮುಖಪ್ಪ ಕಾಫಿ ಎತ್ತಿ ಹೊಯ್ಯುತ್ತ ಉಬ್ಬಿ ಹೋಗಿದ್ದ.

ಮೂರನೆಯ ದಿನ ಮಗುವಿಗೆ ಜ್ವರ, ಗಂಟಲು ಬಾವು. ಆಗ ಬದುಕಿದ್ದ ಷಣ್ಮುಖಪ್ಪನ ತಾಯಿ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗುವಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ಯಾರ ಕಣ್ಣೂ ತಾಕದಿದ್ದರೆ ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಬೇಕು. ದೃಷ್ಟಿ ತಾಕಿದ್ದರೆ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ಅವತ್ತು ಏಳು ಮೆಣಸಿನಕಾಯಿ ಕರಿಕಾದವು, ಒಬ್ಬರೂ ಕೆಮ್ಮಲಿಲ್ಲ. "ನೋಡ್ದೇನೋ" ಅಂದರು ತಾಯಿ, "ಕಣ್ಣು ಬಿದ್ದೈತೆ. ಎದುರಿಗೆ ಹೊಗಳೋಕೆ ಬಿಟ್ಟು ನಿಂತ್ಕಂಡಿದ್ದೆಯಲ್ಲ." ಐದನೆಯ ದಿನ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವ ಬಸ್ಸಿನಲ್ಲೇ ಮಗು ತೀರ್ಥಮ್ಮನ ತೊಡೆಯ ಮೇಲೆ ಹೋಯಿತು.

ಹದಿನೈದು ದಿನ ಬಿಟ್ಟು ಅಂಗಡಿ ತೆಗೆದರು. ತೀರ್ಥಮ್ಮ ಮಾತಿಲ್ಲದೆ ಹಿಟ್ಟು ನಾದಿದಳು, ಭಟ್ಟಿಗೆ ಇಟ್ಟಳು, ತೆಗೆದಳು. ಮೂರು ಗಂಟೆಗೆ ಬಂದು ಕೂತಳು. ಮೈ ಇಳಿದು ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಷಣ್ಮುಖಪ್ಪ ಕಾಫಿ ತಂದ.

"ಏನಂದ್ರು?" ಅಂತ ಕೇಳಿದಳು. ಆ ಹದಿನೈದು ದಿನದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಅವತ್ತು ಬೆಳಿಗ್ಗೆ ಮೂರು ಜನ ಗಲ್ಲಾದ ಮೇಲೆ ಬಗ್ಗಿ ಒಳ್ಳೆಯ ಮಾತು ಆಡಿ ಹೋಗಿದ್ದರು. ಅದು ಷಣ್ಮುಖಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಾಯಿಯ ಮಾತು ಅವನ ಕಿವಿಯಲ್ಲಿ ಗುಂಯ್ಗುಟ್ಟಿತು. ಇದ್ದ ಒಂದು ಕೂಸನ್ನು ಹೊಗಳಿಕೆ ತಿಂದು ಹಾಕಿತು. ಇನ್ನು ಉಳಿದವಳು ಇವಳೊಬ್ಬಳು, ಇವಳ ಕೈ.

"ಪರವಾಗಿಲ್ಲ ಅಂದ್ರು" ಅಂದ.

ತೀರ್ಥಮ್ಮ ಲೋಟ ನೋಡುತ್ತ, "ಮುಂಚಿನಂಗಿಲ್ಲ ಅಲ್ವಾ?" ಅಂದಳು. ಅವನು ಉತ್ತರ ಕೊಡಲಿಲ್ಲ. ಕೊಡದೇ ಇದ್ದದ್ದೇ ಉತ್ತರವಾಯಿತು. ಮಗು ಹೋದ ಮೇಲೆ ತನ್ನ ಕೈಗುಣ ಕೆಟ್ಟಿತು ಅಂತ ಅವಳು ಅವತ್ತೇ ತೀರ್ಮಾನ ಮಾಡಿಕೊಂಡಳು. ಅದು ಷಣ್ಮುಖಪ್ಪನಿಗೆ ತಿಳಿಯಲಿಲ್ಲ. ಏನು ಹೇಳೋಣ ಈ ಮನುಷ್ಯನಿಗೆ! ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಅಲ್ಲಿಂದ ಹದಿನಾಲ್ಕು ವರ್ಷ. ದಿನಾ ಮೂರು ಗಂಟೆ, ದಿನಾ ಕಾಫಿ, ದಿನಾ ಆ ಪ್ರಶ್ನೆ, ದಿನಾ ಅದೇ ಉತ್ತರ. ಗಿರಾಕಿ ಏನೇ ಹೊಗಳಲಿ, ಆ ಹದಿನೈದು ಹೆಜ್ಜೆ ನಡೆಯುವಷ್ಟರಲ್ಲಿ ಷಣ್ಮುಖಪ್ಪ ಅದನ್ನು ಅರೆದು ಸೋಸಿ "ಪರವಾಗಿಲ್ಲ" ಮಾಡಿಬಿಡುತ್ತಿದ್ದ. ಬನ್ನು ಮಾಡುವವಳು ಹೆಂಡತಿ ಅಂತಲೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಕಣ್ಣು ಬೀಳುವುದಿದ್ದರೆ ತನ್ನ ಮೇಲೆ ಬೀಳಲಿ ಅಂತ ಅವನ ಲೆಕ್ಕ.

ಕನ್ಯಾ ಶಾಲೆಯ ಟೀಚರು ಮಲ್ಲಿಕಾಂಬ ಒಂದು ದಿನ ಕಣ್ಣು ಕೆಂಪು ಮಾಡಿಕೊಂಡು ಬಂದಿದ್ದರು. "ನಮ್ಮಮ್ಮ ಹೋಗಿಬಿಟ್ರು ಷಣ್ಮುಖಪ್ಪನವ್ರೇ. ಕೊನೇ ಹದಿನೈದು ದಿನ ಅವರ ಗಂಟಲಲ್ಲಿ ಇಳಿದದ್ದು ನಿಮ್ಮ ಬ್ರೆಡ್ಡು ಹಾಲು ಎರಡೇ. ಮಾಡಿದ ಕೈಗೆ ಪುಣ್ಯ ಬರಲಿ" ಅಂದರು. ಅವತ್ತು ನಡುಮನೆಗೆ ಬರುವಾಗ ಅವನಿಗೇ ಅಳು ಬಂದಿತ್ತು.

"ಟೀಚರ್ ದನಿ ಕೇಳಿಸ್ತು. ಏನಂದ್ರು?"

"ಬ್ರೆಡ್ಡು ಪರವಾಗಿಲ್ಲ ಅಂದ್ರು."

ಒಳಗೆ ತಾನಾಗಿ ಕೇಳಿಸದೆ ಉಳಿದ ತಪ್ಪುಗಳನ್ನು ಮಾತ್ರ ಅವನು ಒಂದಕ್ಷರ ಬಿಡದೆ ತಂದು ಮುಟ್ಟಿಸಿದ. ತಪ್ಪಿಗೆ ದೃಷ್ಟಿ ತಾಕುವುದಿಲ್ಲವಲ್ಲ. ಅದರಲ್ಲೂ ಹುಲಿಗೆಮ್ಮನ ಬಾಯಿಂದ ಬಂದದ್ದು. ಹುಲಿಗೆಮ್ಮ ಲಿಂಗದಹಳ್ಳಿಯಿಂದ ಮೊದಲನೇ ಬಸ್ಸಿಗೆ ಕೊತ್ತಂಬರಿ, ಹಸಿಮೆಣಸಿನಕಾಯಿ, ಕರಿಬೇವು ಹೊತ್ತು ತರುವ ಮುದುಕಿ. ಖಾರದ ಬನ್ನಿಗೆ ಬೇಕಾದ ಸೊಪ್ಪು ಅವಳದೇ. ಬುಟ್ಟಿ ಇಳಿಸಿ, ಬೆಂಚಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಬನ್ನನ್ನು ಕಾಫಿಯಲ್ಲಿ ಅದ್ದಿ ತಿಂದು, ಎದ್ದು ಹೋಗುವಾಗ ಒಂದು ಕೊಂಕು ಎಸೆಯದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. "ಇವತ್ತು ಉಪ್ಪು ಮುಂದೈತೆ ಕಣಪ್ಪಾ." "ತಳ ಸೀದೈತೆ, ನಿದ್ದೆ ಮಾಡ್ತಿದ್ದಾ?" ಅವಳ ಬಾಯಿಗೆ ಸಕ್ಕರೆ ಹಾಕಿದರೂ ಉಪ್ಪೇ ಉದುರುತ್ತಿತ್ತು. ಆದರೆ ಸುಳ್ಳು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅವಳು ಉಪ್ಪು ಮುಂದೆ ಅಂದ ದಿನ ಉಪ್ಪು ನಿಜಕ್ಕೂ ಮುಂದೆಯೇ ಇರುತ್ತಿತ್ತು.

ತೀರ್ಥಮ್ಮ ತಪ್ಪು ಕೇಳಿ ಕೇಳಿ ತಿದ್ದಿಕೊಂಡಳು. ಇನ್ನೂ ಅರ್ಧ ಗಂಟೆ ಮೊದಲೇ ಏಳತೊಡಗಿದಳು. ಹುಣಸೆ ಸೌದೆಯ ಉರಿ ಯಾವಾಗ ಹದ, ಮೋಡದ ದಿನ ಹಿಟ್ಟಿಗೆ ಎಷ್ಟು ನೀರು, ಎಲ್ಲ ಬೆರಳಿಗೆ ಬಂತು. ಅವಳ ಬನ್ನು ವರ್ಷದಿಂದ ವರ್ಷಕ್ಕೆ ಚೆನ್ನಾಗುತ್ತ ಹೋಯಿತು, ಜನ ಇನ್ನೂ ಹೆಚ್ಚು ಹೊಗಳಿದರು, ಷಣ್ಮುಖಪ್ಪನ ಭಯ ಇನ್ನೂ ಹೆಚ್ಚಾಯಿತು.

ಒಂದು ಸಲ ಅವಳು ಖಾಲಿ ತಟ್ಟೆಗಳನ್ನು ನೋಡುತ್ತ, "ಎಲ್ಲಾ ಖರ್ಚಾಗುತ್ತಲ್ಲ, ಹಂಗಾದ್ರೆ ತಿನ್ನೋ ಹಾಗಿರುತ್ತೆ ಅಂತಾಯ್ತು" ಅಂದಳು. ಕೇಳಿದ್ದು ಪ್ರಶ್ನೆ, ಪಾಪ. ಷಣ್ಮುಖಪ್ಪ ಗಾಬರಿಯಲ್ಲಿ, "ಬಸ್ ಸ್ಟ್ಯಾಂಡ್ ಪಕ್ಕ ಕಣೇ, ಹಸಿದವರು ಕಲ್ಲನ್ನೂ ತಿಂತಾರೆ" ಅಂದುಬಿಟ್ಟ. ಇನ್ನೊಂದು ಸಲ, ಎಪ್ಪತ್ತೊಂಬತ್ತರಲ್ಲಿ ಇರಬೇಕು, "ಬೇರೆ ಯಾರನ್ನಾದ್ರೂ ಇಟ್ಕಳಿ, ನನ್ನಿಂದ ನಿಮ್ಮ ಹೆಸರು ಕೆಡೋದು ಬ್ಯಾಡ" ಅಂದಳು. ಅದಕ್ಕೂ ಅವನು, "ಪರವಾಗಿಲ್ಲ, ನೀನೇ ಮಾಡು" ಅಂದ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ಏನಂದ್ರು ಅಂತ ಕೇಳುವುದನ್ನು ಮಾತ್ರ ಬಿಡಲಿಲ್ಲ. ಯಾವತ್ತಾದರೊಂದು ದಿನ ಬೇರೆ ಉತ್ತರ ಬಂದೀತು ಅಂತ ಕಾದಳು.

ಎಂಬತ್ತಾರರ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಓಂಕಾಳು ಕಷಾಯ ಕುಡಿದು ಎರಡು ತಿಂಗಳು ತಳ್ಳಿದಳು. ಶಿವಮೊಗ್ಗದಲ್ಲಿ ತೋರಿಸಿದಾಗ ಹೊಟ್ಟೆಯೊಳಗೆ ಗೆಡ್ಡೆ ಇದೆ, ತುಂಬಾ ಹರಡಿದೆ, ಮನೆಯಲ್ಲೇ ನೆಮ್ಮದಿಯಾಗಿ ನೋಡಿಕೊಳ್ಳಿ ಅಂದರು. ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ತೀರ್ಥಮ್ಮ ಕಿಟಕಿಯ ಪಕ್ಕ ಕೂತು, "ನಾಳೆ ಹಿಟ್ಟು ಯಾರು ಕಲಸ್ತಾರೆ?" ಅಂತ ಕೇಳಿದಳು.

ಷಣ್ಮುಖಪ್ಪನೇ ಕಲಸಿದ. ನಡುಮನೆಯಲ್ಲಿ ಅವಳಿಗೆ ಚಾಪೆ ಹಾಸಿ, ಅವಳು ಮಲಗಿದಲ್ಲಿಂದ ಹೇಳಿದ ಹಾಗೆ ಹಿಂದೆ ಮಾಡಿದ. ಹಿಟ್ಟು ಹಳೆಯ ಮುನಿಸನ್ನು ಮರೆತಿರಲಿಲ್ಲ. ಬನ್ನು ಗುಂಡುಕಲ್ಲಾಯಿತು. ಮೂರು ಗಂಟೆಗೆ ಅವಳ ಪಕ್ಕ ಕೂತು ಗಂಜಿ ಕುಡಿಸುವಾಗ, ಅವಳ ಮುಂಗೈಯ ಮೇಲೆ ಭಟ್ಟಿಯ ಬಾಯಿ ತಾಕಿ ತಾಕಿ ಆದ ಸುಟ್ಟ ಗೆರೆಗಳನ್ನು ನೋಡಿದ. ಇನ್ನು ಕಾಯುವುದಕ್ಕೆ ದಿನ ಇಲ್ಲ ಅಂತ ಅವನಿಗೆ ಆಗ ಹೊಳೆಯಿತು. ತಾನು ಕಾಪಾಡಿಕೊಂಡು ಬಂದವಳೇ ಹೊರಟು ನಿಂತ ಮೇಲೆ ಯಾವ ದೃಷ್ಟಿ, ಯಾವ ಭಯ?

"ತೀರ್ಥಾ, ನಿನ್ನ ಬನ್ನು ಅಂದ್ರೆ ಊರಿಗೆ ಊರೇ ಜೀವ ಬಿಡುತ್ತೆ ಕಣೇ. ಹದಿನಾಲ್ಕು ವರ್ಷದಿಂದ ಹೊಗಳ್ತಾನೇ ಇದಾರೆ. ನಾನೇ ಹೇಳಿರ್ಲಿಲ್ಲ."

ತೀರ್ಥಮ್ಮ ಅವನ ಮುಖ ನೋಡಿದಳು. ಆಮೇಲೆ, ಬಿದ್ದ ಮಗುವನ್ನು ಸಮಾಧಾನ ಮಾಡುವ ಹಾಗೆ ಅವನ ಮೊಣಕಾಲು ತಟ್ಟಿ, "ಸಾಯೋಳಿಗೆ ಸುಳ್ಳು ಹೇಳ್ಬಾರ್ದು ಕಣ್ರೀ" ಅಂದಳು.

"ಸುಳ್ಳಲ್ವೇ, ಆಣೆಗೂ ನಿಜ."

"ಎಪ್ಪತ್ಮೂರರ ದೀಪಾವಳೀಲಿ ಗಾರ್ಡು ತಿಮ್ಮಪ್ಪ ತಳ ಸೀದಿದೆ ಅಂದ್ರು. ಅದರ ಮುಂದಿನ ವರ್ಷ ಟೀಚರು ಬ್ರೆಡ್ಡಿಗೆ ಹುಳಿ ವಾಸನೆ ಅಂದ್ರು. ಶಿವರಾತ್ರಿ ಮಾರನೇ ದಿನ ಹುಲಿಗೆಮ್ಮ, ಇದು ಬನ್ನಾ, ದನಕ್ಕೆ ಹಾಕೋ ಹಿಂಡಿನಾ ಅಂದ್ಳು." ಅವಳು ಕಣ್ಣು ಮುಚ್ಚಿಕೊಂಡು ಒಂದೊಂದಾಗಿ ಹೇಳುತ್ತ ಹೋದಳು. ಯಾರು, ಯಾವತ್ತು, ಏನು, ಒಂದೂ ತಪ್ಪಿಲ್ಲ. ಷಣ್ಮುಖಪ್ಪ ತಂದು ಮುಟ್ಟಿಸಿದ ಪ್ರತಿಯೊಂದು ತಪ್ಪೂ ಅವಳಲ್ಲಿ ಹಾಗೇ ಇತ್ತು. ಕೊನೆಗೆ, "ಹಸಿದವರು ಕಲ್ಲನ್ನೂ ತಿಂತಾರೆ ಅಂತ ನೀವೇ ಹೇಳಿದ್ರಿ" ಅಂದಳು.

ಅವನು ತಡೆಯಲಾರದೆ ಮಾರನೆಯ ದಿನ ಗಾರ್ಡು ತಿಮ್ಮಪ್ಪನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಬಂದ. ಬನ್ನು ಮಾಡುತ್ತಿದ್ದವಳು ಇವಳೇ ಅಂತ ಕೇಳಿ ತಿಮ್ಮಪ್ಪನಿಗೆ ದಿಗ್ಭ್ರಮೆ. ಪಾಪ, ಒಳ್ಳೆಯ ಮನುಷ್ಯ. ಟೋಪಿಯನ್ನು ಕೈಯಲ್ಲಿ ಹಿಡಿದು, ಶಾಲಾ ಇನ್ಸ್‌ಪೆಕ್ಟರ ಎದುರು ನಿಂತ ಹುಡುಗನ ಹಾಗೆ, "ಬನ್ನು ಬಹಳ ಚೆನ್ನಾಗಿರ್ತಿತ್ತಮ್ಮ. ಯಾವಾಗ್ಲೂ ಚೆನ್ನಾಗಿರ್ತಿತ್ತು" ಅಂದ. ತೀರ್ಥಮ್ಮ ಕೈ ಮುಗಿದಳು. ಅವನು ಹೋದ ಮೇಲೆ, "ಅವರನ್ನ ಯಾಕೆ ಕಂಠಪಾಠ ಮಾಡ್ಸಿ ಕರ್ಕಂಡು ಬಂದ್ರಿ? ಎಷ್ಟು ಮುಜುಗರ ಅವರಿಗೆ" ಅಂದಳು. ಷಣ್ಮುಖಪ್ಪ ಭಟ್ಟಿಯ ಹತ್ತಿರ ಹೋಗಿ ಗೋಡೆಗೆ ಹಣೆ ಇಟ್ಟು ಅತ್ತ.

ಒಂದು ತಿಂಗಳು ಹೀಗೇ ಕಳೆಯಿತು. ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹುಲಿಗೆಮ್ಮ ಬುಟ್ಟಿ ಸಮೇತ, ಕರೆಯದೆ ಕೇಳದೆ, ಸೀದಾ ನಡುಮನೆಗೇ ನುಗ್ಗಿದಳು. ಷಣ್ಮುಖಪ್ಪ ಕಾಫಿ ಲೋಟ ಹಿಡಿದು ಹಿಂದೆ ಓಡಿದ.

"ಏನವ್ವಾ ತೀರ್ಥಮ್ಮಾ, ಹುಷಾರಿಲ್ವಂತೆ. ಅದಿರ್ಲಿ, ನಿನ್ನ ಗಂಡನಿಗೆ ಒಸಿ ಬುದ್ಧಿ ಹೇಳು. ನೀನು ಮಲಗಿದಾಗ್ಲಿಂದ ಅವನ ಮನಸು ಎಲ್ಲೈತೋ, ಕೈ ಕೆಟ್ಟೋಗೈತೆ. ಬನ್ನು ಕಲ್ಲು. ಇದ್ದ ನಾಕು ಹಲ್ಲೂ ಅಲ್ಲಾಡ್ತಾವೆ."

ತೀರ್ಥಮ್ಮ ನಿಧಾನವಾಗಿ ಮಗ್ಗುಲಾದಳು. "ಮುಂಚೆ ಹೆಂಗಿತ್ತು ಹುಲಿಗೆಮ್ಮಾ?"

"ಮುಂಚೆ ಹೆಂಗಿತ್ತಾ? ಚೆನ್ನಾಗ್ ಕೇಳ್ತೀಯ. ಹದಿನೈದು ವರ್ಷ ಒಂದಿನ ತಪ್ಪಿಸ್ದೆ ಮೊದಲನೇ ಬಸ್ಸಿಗೆ ಬರ್ತೀನಲ್ಲ, ಸೊಪ್ಪು ಮಾರಕ್ಕೆ ಅನ್ಕಂಡಿದೀಯಾ? ಸೊಪ್ಪು ಲಿಂಗದಹಳ್ಳೀಲೇ ಖರ್ಚಾಗುತ್ತೆ. ಬನ್ನಿಗೆ ಕಣವ್ವ ಬರ್ತಿದ್ದದ್ದು. ಮನೇಲಿ ಮಗ ಬೈತಾನೆ, ಸೊಸೆ ನಗ್ತಾಳೆ. ಆ ಬಿಸಿ ಬನ್ನು ಬಾಯಿಗಿಟ್ರೆ ಇಡೀ ದಿನ ನೆಟ್ಟಗಾಗ್ತಿತ್ತು. ಈಗ ಬಸ್ ಚಾರ್ಜು ದಂಡ. ಇವನಿಗೆ ಹೇಳು, ಮುಂಚಿನಂಗೆ ಮಾಡು ಅಂತ."

ಬನ್ನು ಮಾಡುವವಳು ಯಾರು ಅಂತ ಮುದುಕಿಗೆ ಗೊತ್ತೇ ಇರಲಿಲ್ಲ. ಬೈಯುವುದಕ್ಕೆ ಬಂದಿದ್ದಳು, ಬೈದು ಹೋದಳು. ತೀರ್ಥಮ್ಮ ತಾರಸಿ ನೋಡುತ್ತ ಮಲಗಿದ್ದಳು. ಕಣ್ಣಿನ ಎರಡೂ ಕೊನೆಯಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಷಣ್ಮುಖಪ್ಪನಿಗೆ ತಿಳಿಯಲಿಲ್ಲ.

"ನಿಜಾನೇ ಹಂಗಾದ್ರೆ" ಅಂದಳು. "ಯಾಕ್ರೀ ಹೇಳ್ಲಿಲ್ಲ?"

ಅವನು ಹೇಳಿದ. ಹದಿನಾಲ್ಕು ವರ್ಷ ಆ ಮನೆಯಲ್ಲಿ ಯಾರೂ ಎತ್ತದಿದ್ದ ಗೌರಿಯ ಹೆಸರೆತ್ತಿ, ಕೆಮ್ಮಣ್ಣುಗುಂಡಿಯ ಆ ಗುಂಪು, ತಾಯಿ ಆಡಿದ ಮಾತು, ಕರಿಕಾದ ಏಳು ಮೆಣಸಿನಕಾಯಿ, ಎಲ್ಲವನ್ನೂ ತೊದಲುತ್ತ ಹೇಳಿದ. "ನಿನಗೂ ಕಣ್ಣು ತಾಕಿಬಿಟ್ರೆ ನಾನೇನೇ ಮಾಡ್ಲಿ ಅಂತ."

ತೀರ್ಥಮ್ಮ ಮೆಲ್ಲಗೆ ಕೇಳಿದಳು.

"ಹೇಳ್ಬಿಟ್ಟು ದೃಷ್ಟಿ ತೆಗೆದಿದ್ರೆ ಆಗ್ತಿತ್ತಲ್ರೀ. ಮನೇಲಿ ಉಪ್ಪು ಮೆಣಸಿನಕಾಯಿ ಇರ್ಲಿಲ್ವಾ?"

ಇಷ್ಟು ಸಣ್ಣ ವಿಷಯ ಇಷ್ಟು ವರ್ಷದಲ್ಲಿ ಒಂದು ದಿನವೂ ತನ್ನ ತಲೆಗೆ ಬರಲಿಲ್ಲವಲ್ಲ ಅಂತ ಷಣ್ಮುಖಪ್ಪ ಬಾಯಿ ತೆರೆದು ಕೂತ.

"ಈಗ್ಲಾದ್ರೂ ತೆಗೀರಿ. ನೋಡಾಣ."

ಅವನು ಎದ್ದು ಅಡುಗೆ ಮನೆಗೆ ಹೋಗಿ ಹರಳುಪ್ಪು, ಏಳು ಒಣಮೆಣಸಿನಕಾಯಿ ತಂದ. ಹೋದವರ ಕಣ್ಣು, ಬಂದವರ ಕಣ್ಣು, ತಿಂದವರ ಕಣ್ಣು ಅಂತ ಮೂರು ಸಲ ಅವಳ ತಲೆಯಿಂದ ಕಾಲಿನವರೆಗೆ ನಿವಾಳಿಸಿದ. ಕಬ್ಬಿಣದ ಬಾಣಲೆಯಲ್ಲಿ ಭಟ್ಟಿಯ ಕೆಂಡ ತಂದು ಅವಳ ಕಣ್ಣೆದುರಿಗೇ ಇಟ್ಟು ಅದರ ಮೇಲೆ ಹಾಕಿದ. ಹಾಕುವಾಗ ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡ. ಬೇಡಿಕೊಂಡದ್ದೇನು ಗೊತ್ತೇ? ಘಾಟು ಬಾರದಿರಲಿ ಅಂತ. ಊರಿನ ಕಣ್ಣೆಲ್ಲ ನಿಜವಾಗಿ ಅವಳ ಮೇಲೆ ಬಿದ್ದಿರಲಿ, ತಾನು ಹೆದರಿದ್ದಕ್ಕೆ ಒಂದು ಅರ್ಥವಾದರೂ ಇರಲಿ ಅಂತ.

ಉಪ್ಪು ಚಟಪಟ ಸಿಡಿಯಿತು. ಹೊಗೆ ಎದ್ದಿತು. ಎದ್ದದ್ದೇ ತಡ ಷಣ್ಮುಖಪ್ಪನ ಗಂಟಲು ಹಿಡಿಯಿತು, ಮೂಗು ಉರಿಯಿತು, ಕೆಮ್ಮು ತಡೆಯಲಾಗಲಿಲ್ಲ. ತೀರ್ಥಮ್ಮನೂ ಹೊಟ್ಟೆ ಹಿಡಿದುಕೊಂಡು ಕೆಮ್ಮಿದಳು. ಅಂಗಡಿಯಲ್ಲಿ ಕಾಫಿಗೆ ಕಾದಿದ್ದವರಿಗೂ ಕೆಮ್ಮು ಹತ್ತಿತು. ಅಂಥ ಘಾಟು.

ಕೆಮ್ಮು ನಿಂತ ಮೇಲೆ ತೀರ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾರ ಕಣ್ಣೂ ಬಿದ್ದಿರ್ಲಿಲ್ಲ ಕಣ್ರೀ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಈಗ ಹೇಳಿ. ಮೊದಲಿಂದ ಹೇಳಿ. ಅಂದ ಮಾತು ಅಂದಂಗೇ."

ಅವನು ಟೀಚರಮ್ಮನ ತಾಯಿಯ ವಿಷಯ ಹೇಳಿದ. ಮಾಡಿದ ಕೈಗೆ ಪುಣ್ಯ ಬರಲಿ ಅಂದದ್ದನ್ನು ಹೇಳುವಾಗ ತೀರ್ಥಮ್ಮ ತನ್ನ ಎರಡು ಕೈಗಳನ್ನೂ ಮುಖದ ಹತ್ತಿರ ತಂದು ನೋಡಿಕೊಂಡಳು. "ಇನ್ನೊಂದು" ಅಂದಳು.

"ಗಾರ್ಡು ತಿಮ್ಮಪ್ಪ ಒಂದ್ಸಲ, ರೈಲಿಗೆ ಹಸಿರು ಬಾವುಟ ತೋರಿಸೋಕೆ ಮುಂಚೆ ನಿನ್ನ ಬನ್ನು ಕಟ್ಟಿಸ್ಕಂತೀನಿ, ಆಮೇಲೆ ಶಿವಮೊಗ್ಗ ಅಂದಿದ್ದ."

ಅವಳು ನಕ್ಕಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹಳೆಯ ನಗು. "ಇನ್ನೊಂದು."

ಷಣ್ಮುಖಪ್ಪ ಬಾಯಿ ತೆರೆದ. ಬರಲಿಲ್ಲ. ಹದಿನಾಲ್ಕು ವರ್ಷ ಎಷ್ಟು ಜನ ಎಷ್ಟು ಮಾತು ಆಡಿದ್ದರು. ಅವೆಲ್ಲವನ್ನೂ ಅವನು ಗಲ್ಲಾದ ಹತ್ತಿರವೇ ಬಿಟ್ಟು ಬಂದಿದ್ದ. ಮರೆತುಬಿಡಬೇಕು ಅಂತಲೇ ಮರೆತಿದ್ದ. ತಪ್ಪು ಕೇಳಿದ್ದರೆ ನೂರು ಹೇಳುತ್ತಿದ್ದ. ಒಳ್ಳೆಯದು ಎರಡಕ್ಕೆ ಮುಗಿಯಿತು. ಅವಳು ಕಾಯುತ್ತಿದ್ದಳು.

"ನಾಳೆ ನೆನಪು ಮಾಡ್ಕಂಡು ಹೇಳ್ತೀನಿ ಕಣೇ."

"ಹೂಂ. ನಾಳೆ" ಅಂದಳು ತೀರ್ಥಮ್ಮ, ಕಣ್ಣು ಮುಚ್ಚಿ.

ಮಾರನೆಯ ಬೆಳಿಗ್ಗೆ ಅವಳಿಗೆ ಎಚ್ಚರ ಪೂರ್ತಿ ಇರಲಿಲ್ಲ. ಷಣ್ಮುಖಪ್ಪ ಅಂಗಡಿ ಬಾಗಿಲು ತೆಗೆಯಲಿಲ್ಲ. ಮೊದಲನೇ ಬಸ್ಸಿಗೆ ಬಂದ ಹುಲಿಗೆಮ್ಮನನ್ನು ಒಳಗೆ ಕರೆದು, ಬನ್ನು ಮಾಡುತ್ತಿದ್ದವಳು ಇವಳೇ ಅಂತ ಹೇಳಿ, ಪಕ್ಕದಲ್ಲಿ ಕೂರಿಸಿ ಹೊರಟ. ಅವನು ಅಡಿಕೆ ಮಂಡಿಗೆ ಹೋದ, ಸ್ಟೇಷನ್ನಿಗೆ ಹೋದ, ಸೈಕಲ್ ಶಾಪಿಗೆ, ಪೋಸ್ಟಾಫೀಸಿಗೆ, ಶಾಲೆಗೆ ಹೋದ. ಕಂಡ ಕಂಡ ಗಿರಾಕಿಯನ್ನು ನಿಲ್ಲಿಸಿ, "ನೀವು ಯಾವಾಗಲೋ ನಮ್ಮ ಬನ್ನಿಗೆ ಏನೋ ಒಂದು ಮಾತು ಅಂದಿದ್ರಲ್ಲ, ಏನದು?" ಅಂತ ಕೇಳಿದ. ಕೆಲವರಿಗೆ ನೆನಪಿತ್ತು. ಬಹಳ ಜನಕ್ಕೆ ಇರಲಿಲ್ಲ. ತಲೆ ಕೆರೆದುಕೊಂಡು, "ಏನೋಪ್ಪಾ, ಪರವಾಗಿಲ್ಲ ಅಂದಿರ್ಬೇಕು" ಅಂದರು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮಾತು ಸಿಕ್ಕಿದವು. ಅಂದದ್ದನ್ನು ಅಂದ ಹಾಗೆ, ಒಂದಕ್ಷರ ತಪ್ಪದ ಹಾಗೆ ಬಾಯಲ್ಲಿ ಹೇಳಿಕೊಳ್ಳುತ್ತ ಬಿಸಿಲಲ್ಲಿ ಮನೆಗೆ ಬಂದ.

ಮೂರು ಗಂಟೆಯಾಗಿತ್ತು. ತೀರ್ಥಮ್ಮನ ಉಸಿರು ಗೊರಗೊರ ಅನ್ನುತ್ತಿತ್ತು. ಹುಲಿಗೆಮ್ಮ ಅವಳ ಸುಟ್ಟ ಗೆರೆಯ ಮುಂಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಷಣ್ಮುಖಪ್ಪ ಕಿವಿಯ ಹತ್ತಿರ ಬಗ್ಗಿ ಒಂಬತ್ತನ್ನೂ ಹೇಳಿದ. ಮಂಡಿಯವರು ಅಂದದ್ದು, ಪೋಸ್ಟ್‌ಮನ್ ಅಂದದ್ದು, ಸೈಕಲ್ ಶಾಪಿನವನ ತಾಯಿ ಅಂದದ್ದು. ಕೊನೆಗೆ ಹತ್ತನೆಯದನ್ನು ತಾನೇ ಸೇರಿಸಿದ. "ನನಗೂ ಚೆನ್ನಾಗಿರ್ತಿತ್ತು ಕಣೇ. ಮೊದಲನೇ ದಿನ ತಿಂದ್ನಲ್ಲ, ಅವತ್ತಿಂದ." ಒಂದು ಸಲ ಹೇಳಿ ಮುಗಿಸಿ, ಅವಳ ರೆಪ್ಪೆ ಕದಲದ್ದು ನೋಡಿ, ಇನ್ನೊಂದು ಸಲ ಮೊದಲಿನಿಂದ ಹೇಳಿದ. ಮೂರನೆಯ ಸಲ ಹೇಳುತ್ತಿರುವಾಗ ಉಸಿರು ನಿಂತಿತು.

ಅವನು ತಲೆಯೆತ್ತಿ ಹುಲಿಗೆಮ್ಮನ ಕಡೆ ನೋಡಿದ. "ಕೇಳಿಸ್ಕಂಡ್ಲಾ?" ಅಂತ ಕೇಳಿದ. ಮುದುಕಿ ಬೆಳಗಿನಿಂದ ಆ ಮುಖವನ್ನೇ ನೋಡುತ್ತ ಕೂತವಳು.

"ಕೇಳಿಸ್ಕಂಡ್ಲು ಕಣಪ್ಪಾ. ಎಲ್ಲಾ ಕೇಳಿಸ್ಕಂಡ್ಲು" ಅಂದಳು ಹುಲಿಗೆಮ್ಮ, ಮುಖವನ್ನು ಅತ್ತ ತಿರುಗಿಸಿ. ಹದಿನೈದು ವರ್ಷದಲ್ಲಿ ಅವಳು ಸುಳ್ಳು ಹೇಳಿದ್ದನ್ನು ಷಣ್ಮುಖಪ್ಪ ಕೇಳಿದ್ದು ಅದೊಂದೇ ಸಲ.